ಹೊಗೆ ಹೋಗಲಿಕ್ಕೆ ದಾರಿಯಿಲ್ಲದ ಮನೆ

ಜಾರ್ಜ್ ಪ್ಲೆಬ್ಸ್ಟ್ ಎಂಬ, ಬಾಸೆಲ್ ಮಿಶನ್ ಎನ್ನುವ ಕ್ರೈಸ್ತ ಸಂಸ್ಥೆಯ ಜರ್ಮನ್ ಮನುಷ್ಯ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ. ಅಲ್ಲಿಂದ ಮೇಲೆ ನಮ್ಮ ಕಡೆಯ ಅಡುಗೆಮನೆಗಳ ಹೊಗೆ ಹಂಚಿನ ಸಂದಿಯಲ್ಲಿ ಆರಾಮವಾಗಿ ಹೊರಗೆ ಹೋಗುತ್ತಾ ಬಂದಿದೆ. ಈಗ ನಮ್ಮ ಮಕ್ಕಳು ಓದಲಿಕ್ಕೆಂದು ಜರ್ಮನಿಗೆ ಹೋಗಿ ಅಲ್ಲಿಯ ಯಾವುದೋ ಸಂಸಾರದ ಜತೆ ಉಳಿದುಕೊಂಡಾಗ ಗೊತ್ತಾಗುತ್ತದೆ: ನಮಗೆ ಸಂದಿ ಕೊಟ್ಟವರು ತಮಗೆಂದು ಒಂದೇ ಒಂದು ಸಂದಿ ಉಳಿಸಿಕೊಂಡಿಲ್ಲ. ಚಳಿಗೆ ಹೆದರಿ ಮನೆಯನ್ನು ಹಪ್ಪಳದ ಡಬ್ಬದ ಹಾಗೆ ಬಿಗಿಯಾಗಿ ಮುಚ್ಚಿದ್ದಾರೆ. ಹೊಗೆ, ಹಬೆ, ವಾಸನೆ, ಸದ್ದು, ಚೆಲ್ಲಿದ ನೀರು ಎಲ್ಲ ಒಳಗೇ. ಉಡುಪಿ, ಮಂಗಳೂರಿನ ಹುಡುಗ ಹುಡುಗಿಯರು ಅಲ್ಲಿ ಮಾಡುವ ಎಡವಟ್ಟುಗಳಿಗೆ ಮುಕ್ಕಾಲು ಪಾಲು ಇದೇ ಕಾರಣ. ಭಾಷೆ ಬರುವುದಿಲ್ಲ ಎಂಬುದೆಲ್ಲ ಆಮೇಲಿನ ಮಾತು.

ಒಗ್ಗರಣೆಯನ್ನೇ ತೆಗೆದುಕೊಳ್ಳಿ. ಒಲೆಯ ಮೇಲೆ ಚಿಮ್ನಿ ಇರುತ್ತದೆ, ಗುಂಡಿ ಒತ್ತಿದರೆ ಗುಂಯ್‌ಗುಡುತ್ತದೆ. ಅದನ್ನು ನಂಬಿ ಬ್ಯಾಡಗಿ ಮೆಣಸು ಹುರಿಯಲು ಹೊರಡಬೇಡಿ. ಎಷ್ಟೋ ಮನೆಗಳ ಚಿಮ್ನಿಗೆ ಹೊರಗೆ ಹೋಗುವ ಕೊಳವೆಯೇ ಇಲ್ಲ. ಗಾಳಿಯನ್ನು ಎಳೆದು, ಜಿಡ್ಡನ್ನು ಜಾಲರಿಯಲ್ಲಿ ಹಿಡಿದು, ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ ಪುನಃ ಅಡುಗೆಮನೆಗೇ ಬಿಡುತ್ತದೆ. ಆಲೂಗಡ್ಡೆ ಬೇಯಿಸುವವರಿಗೆ ಅಷ್ಟು ಸಾಕು; ಮೆಣಸಿನ ಘಾಟಿಗೆ ಅದು ಯಾವ ಲೆಕ್ಕ ಮಾರಾಯ್ರೆ! ಘಾಟು, ಹೊಗೆ ಎರಡೂ ಕೂಡಿ ಕಾರಿಡಾರಿಗೆ ಬರುತ್ತವೆ. ಅಲ್ಲಿ ಸೀಲಿಂಗಿನಲ್ಲಿ ಮಗುಚಿಟ್ಟ ಬಿಳಿ ಬಟ್ಟಲಿನ ಹಾಗೆ ಹೊಗೆಯ ಅಲಾರಂ ಕಾದು ಕೂತಿರುತ್ತದೆ. ಮಲಗುವ ಕೋಣೆಯಲ್ಲೂ ಕಾರಿಡಾರಿನಲ್ಲೂ ಅದು ಇರಲೇಬೇಕು ಎಂದು ಅಲ್ಲಿಯ ಕಾನೂನು. ಒಂದು ಚಮಚ ಸಾಸಿವೆಗೆ ಇಡೀ ಮನೆ ಅಂಗಳಕ್ಕೆ ಬರುತ್ತದೆ.

ಸರಿಯಾದ ಕ್ರಮ ಎಂದರೆ ಮೊದಲು ಅಡುಗೆಮನೆಯ ಬಾಗಿಲು ಮುಚ್ಚುವುದು, ಆಮೇಲೆ ಕಿಟಕಿ ಪೂರ್ತಿ ತೆರೆಯುವುದು, ಆಮೇಲೆ ಎಣ್ಣೆ. ಸಾಸಿವೆ ಸಿಡಿಯಲು ಶುರುವಾದ ಕೂಡಲೇ ಒಲೆ ಆರಿಸಿ ಬಾಣಲೆಯನ್ನು ಎತ್ತಿ ಪಕ್ಕಕ್ಕಿಡಬೇಕು. ಗಾಜಿನ ಹಾಸಿನ ಕರೆಂಟಿನ ಒಲೆ ಆರಿಸಿದ ಮೇಲೂ ಕೆಲವು ನಿಮಿಷ ಸುಡುತ್ತಲೇ ಇರುತ್ತದೆ. ಗ್ಯಾಸಿನ ಅಭ್ಯಾಸದಲ್ಲಿ ‘ಆಫ್ ಮಾಡಿದೆನಲ್ಲ’ ಎಂದು ನಿಂತವರ ಬೆಳ್ಳುಳ್ಳಿ ಕರಿಯಾಗುವುದು, ಹಾಲು ಉಕ್ಕುವುದು ಎರಡೂ ಆ ಉಳಿದ ಬಿಸಿಯಲ್ಲೇ. ಒಣಮೀನಿನ ವಿಷಯ ಇಲ್ಲಿ ಎತ್ತುವುದಿಲ್ಲ. ಅದನ್ನು ಸುಡುವ ಆಲೋಚನೆ ಇದ್ದವರು ಬೇರೆ ಮನೆ ನೋಡಿಕೊಂಡೇ ಸುಡುವುದು ಒಳ್ಳೆಯದು.

ಕಿಟಕಿ ತೆರೆಯಿರಿ ಎಂದು ಹೇಳಿದ್ದಾಯಿತು, ಆದರೆ ಆ ಕಿಟಕಿಯೇ ಒಂದು ವಿದ್ಯೆ. ಹಿಡಿ ಕೆಳಮುಖವಾಗಿದ್ದರೆ ಮುಚ್ಚಿದೆ. ಅಡ್ಡಕ್ಕೆ ತಿರುಗಿಸಿದರೆ ನಮ್ಮ ಕಿಟಕಿಯ ಹಾಗೆ ಬದಿಗೆ ತೆರೆಯುತ್ತದೆ. ಮೇಲ್ಮುಖ ಮಾಡಿದರೆ ಮೇಲಿನ ಅಂಚು ಮಾತ್ರ ಒಳಕ್ಕೆ ವಾಲುತ್ತದೆ. ಬದಿಗೆ ತೆರೆದಿರುವಾಗಲೇ ಹಿಡಿಯನ್ನು ಮೇಲಕ್ಕೆ ತಿರುಗಿಸಿದಿರೋ, ಮೇಲಿನ ಕೀಲು ಬಿಟ್ಟುಕೊಂಡು ಅಷ್ಟು ಭಾರದ ಗಾಜು ಕೆಳಗಿನ ಒಂದೇ ಮೂಲೆಯಲ್ಲಿ ಜೋತುಬೀಳುತ್ತದೆ. ಬಂದ ಮೂರನೇ ದಿನಕ್ಕೇ ಅವರ ಕಿಟಕಿ ಮುರಿದೆ ಎಂದುಕೊಂಡು ಅದನ್ನು ತಬ್ಬಿ ನಿಲ್ಲುವವರ ಮುಖ ನೋಡಬೇಕು. ಮುರಿದಿರುವುದಿಲ್ಲ. ಕೀಲಿನ ಬದಿಯ ಮೇಲಿನ ಮೂಲೆಯನ್ನು ಚೌಕಟ್ಟಿಗೆ ಗಟ್ಟಿಯಾಗಿ ಒತ್ತಿ ಹಿಡಿದು ಹಿಡಿಯನ್ನು ಪುನಃ ಅಡ್ಡಕ್ಕೆ ತನ್ನಿ, ಟಕ್ ಎಂದು ಕೂರುತ್ತದೆ. ತಿರುಗದೆ ಹಟ ಮಾಡಿದರೆ ಗಾಜಿನ ಚೌಕಟ್ಟಿನ ಅಂಚಿನಲ್ಲಿ, ಹಿಡಿಯ ಹತ್ತಿರ ಸಣ್ಣ ಲಿವರು ಉಂಟೋ ನೋಡಿ. ಇದ್ದರೆ ಅದನ್ನು ಒತ್ತಿಕೊಂಡು ತಿರುಗಿಸಬೇಕು.

ಈ ಕಿಟಕಿಯನ್ನು ಚಳಿಗಾಲದಲ್ಲೂ ದಿನಕ್ಕೆರಡು ಮೂರು ಸಲ, ಐದರಿಂದ ಹತ್ತು ನಿಮಿಷ, ಹೀಟರು ಬಂದ್ ಮಾಡಿ ಪೂರ್ತಿ ತೆರೆದಿಡಬೇಕು. ಮನೆಯವರು ಇದನ್ನು ಸಂಧ್ಯಾವಂದನೆಯ ಹಾಗೆ ಪಾಲಿಸುತ್ತಾರೆ. ‘ಹೊರಗೆ ಹಿಮ ಬೀಳುವಾಗ ಎಂಥ ಹುಚ್ಚು’ ಎಂದು ನಗಬೇಡಿ. ಒದ್ದೆ ಬೈರಾಸು, ಹೀಟರಿನ ಮೇಲೆ ಹರಡಿದ ಚಡ್ಡಿ, ಮಲಗಿದವರ ಉಸಿರು ಇಷ್ಟರ ತೇವವೇ ತಣ್ಣನೆಯ ಗೋಡೆಗೆ ಕೂತು ಕಪ್ಪು ಬೂಸ್ಟಾಗುತ್ತದೆ. ನಮಗೆ ಬೂಸ್ಟು ಎಂದರೆ ಆಟಿ ತಿಂಗಳ ಮಳೆಯಲ್ಲಿ ಬೆಲ್ಟಿಗೆ ಬರುವಂಥದ್ದು, ಒರೆಸಿ ಕಟ್ಟಿಕೊಂಡು ಹೋಗುತ್ತೇವೆ. ಅವರಿಗೆ ಅದು ಮನೆಗೆ ಬಂದ ಕಾಯಿಲೆ.

ಬಚ್ಚಲಿನಲ್ಲಿ ಇನ್ನೂ ಸೂಕ್ಷ್ಮ. ನಮ್ಮ ಬಚ್ಚಲಿನ ನೆಲ ಮೂಲೆಯ ತೂತಿನ ಕಡೆಗೆ ಇಳಿಜಾರು. ಎಷ್ಟು ಚೆಂಬು ಹೊಯ್ದರೂ ಹೋಗಿ ತೆಂಗಿನ ಬುಡ ಸೇರುತ್ತದೆ. ಅಲ್ಲಿ ಸ್ನಾನದ ಗಾಜಿನ ಗೂಡು ಅಥವಾ ಟಬ್ಬಿನ ಒಳಗೆ ಮಾತ್ರ ತೂತು. ಉಳಿದ ನೆಲ ಸಾಧಾರಣವಾಗಿ ಸಪಾಟು, ತೂತಿಲ್ಲ, ಮೇಲೊಂದು ಮ್ಯಾಟು. ಪರದೆಯನ್ನು ಟಬ್ಬಿನ ಹೊರಗೆ ಬಿಟ್ಟು ಮಿಂದರೆ, ಅಥವಾ ಶನಿವಾರ ಎಣ್ಣೆಸ್ನಾನ ಮಾಡಿ ‘ಸ್ವಲ್ಪ ತೊಳೆದೇ ಬಿಡುವ’ ಎಂದು ನೆಲಕ್ಕೆ ಎರಡು ಬಕೆಟ್ ಸುರಿದರೆ, ನೀರು ಅಂಚಿನಲ್ಲಿ ಇಳಿದು ಕೆಳಗಿನ ಕೋಣೆಯ ಸೀಲಿಂಗಿನಲ್ಲಿ ನಕಾಶೆ ಬರೆಯುತ್ತದೆ. ಬೇರೆಯವರಿಗೆ ಮಾಡಿದ ನಷ್ಟ ತುಂಬಿಕೊಡುವ ವಿಮೆಯನ್ನು ಅಲ್ಲಿ ವಿದ್ಯಾರ್ಥಿಗಳಿಗೂ ಕೊಡುತ್ತಾರೆ. ಎಣ್ಣೆಸ್ನಾನದ ಮನೆತನದವರು ಮೊದಲ ವಾರವೇ ಮಾಡಿಸಿಕೊಳ್ಳಿ. ಮಿಂದಾದ ಮೇಲೆ ಗಾಜಿನ ಗೋಡೆಯನ್ನು ಅಲ್ಲೇ ತೂಗುಹಾಕಿದ ರಬ್ಬರಿನ ಪಟ್ಟಿಯಲ್ಲಿ ಮೇಲಿಂದ ಕೆಳಗೆ ಎಳೆಯಬೇಕು. ನೀರಿನಲ್ಲಿ ಸುಣ್ಣ ಹೆಚ್ಚಿರುವ ಊರುಗಳಲ್ಲಿ ಒಂದೊಂದು ಹನಿಯೂ ಒಣಗಿ ಬಿಳಿ ಚುಕ್ಕೆಯಾಗುತ್ತದೆ.

ಎಣ್ಣೆಯ ಮಾತು ಬಂತು. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಚಳಿಗಾಲದಲ್ಲಿ ಆ ಮನೆಗಳ ಒಳಗೆ 20ರ ಆಸುಪಾಸು. ಹಾಗಾಗಿ ಕಿರಿದಾದ ಬಾಯಿಯ ಬಾಟಲಿ ಒಯ್ಯಬೇಡಿ, ಬೆರಳು ಹೋಗುವಷ್ಟು ಅಗಲದ ಡಬ್ಬ ಇರಲಿ. ಕರಗಿಸಲು ಬಿಸಿನೀರಿನ ಪಾತ್ರೆ ಸಾಕು, ಮೈಕ್ರೋವೇವಿನಲ್ಲಿಟ್ಟರೆ ಎಣ್ಣೆಗಿಂತ ಮೊದಲು ಬಾಟಲಿ ಸೊಟ್ಟಗಾಗುವುದೂ ಉಂಟು. ಮೀನು ಕಾಯಿಸಿದ ಎಣ್ಣೆಯನ್ನು ಸಿಂಕಿಗೆ ಹೊಯ್ದರೆ ಅದು ಕೊಳವೆಯ ಬಗ್ಗಿನಲ್ಲಿ ಮೇಣದ ಹಾಗೆ ಹೆಪ್ಪುಗಟ್ಟುತ್ತದೆ. ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ.

ತೆಂಗಿನಕಾಯಿಯ ಬಗ್ಗೆ ಒಂದು ಸಂತೋಷದ ಸುದ್ದಿ ಉಂಟು. 2019ರ ಡಿಸೆಂಬರಿನಿಂದ ಐರೋಪ್ಯ ಒಕ್ಕೂಟದೊಳಗೆ ಹಸಿ ಹಣ್ಣು, ತರಕಾರಿ, ಸೊಪ್ಪು ತರಬೇಕಾದರೆ ಸಸ್ಯ ಆರೋಗ್ಯದ ಸರ್ಟಿಫಿಕೇಟು ಬೇಕು. ವಿನಾಯಿತಿ ಐದಕ್ಕೆ ಮಾತ್ರ: ಅನಾನಸು, ತೆಂಗಿನಕಾಯಿ, ದುರಿಯನ್, ಬಾಳೆಹಣ್ಣು, ಖರ್ಜೂರ. ಐದರಲ್ಲಿ ಮೂರು ನಮ್ಮ ಹಿತ್ತಿಲಿನವು! ಆದರೆ ಪೆಟ್ಟಿಗೆ ಹಗುರಾಗಲಿ ಎಂದು ಕಾಯಿಯ ಬದಲು ಒಣಕೊಬ್ಬರಿ ತುಂಬಬೇಡಿ. ಅದು ಎಣ್ಣೆಯ ಪದಾರ್ಥ, ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂದು ವಿಮಾನದವರು ಬಿಡುವುದಿಲ್ಲ. ಅಮ್ಮ ಕಟ್ಟಿಕೊಟ್ಟ ಹಸಿ ಕರಿಬೇವಿಗೆ ಸರ್ಟಿಫಿಕೇಟು ಇಲ್ಲ, ಅದು ಹೋಯಿತು. ಪೇಡೆ, ತುಪ್ಪವೂ ಹೋಯಿತು, ಹಾಲಿನ ಪದಾರ್ಥಕ್ಕೆ ಪ್ರವೇಶವಿಲ್ಲ. ಇನ್ನು ಕಾಯಿಯನ್ನು ದಾಟಿಸಿದವರು ಅದನ್ನು ಹೊಸ್ತಿಲಿಗೋ ಟೈಲ್ಸಿಗೋ ಕುಟ್ಟಬಾರದು. ಬಟ್ಟೆಯಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿದು, ನಡು ಸುತ್ತ ತಿರುಗಿಸುತ್ತಾ ಸುತ್ತಿಗೆಯಲ್ಲಿ ಸಣ್ಣ ಸಣ್ಣ ಏಟು.

ಅರೆಯಲು ಮಿಕ್ಸಿ ಒಯ್ಯಬಹುದು, ಅಲ್ಲಿಯೂ 230 ವೋಲ್ಟೇ. ನಮ್ಮ ಮೂರು ಪಿನ್ನಿನ ಪ್ಲಗ್ಗು ಮಾತ್ರ ಕೂರುವುದಿಲ್ಲ, ಅಡಾಪ್ಟರು ಬೇಕು. ಆದರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಮತ್ತು ಆದಿತ್ಯವಾರ ಇಡೀ ದಿನ, ಜೋರಾಗಿ ಸದ್ದು ಮಾಡುವಂತಿಲ್ಲ. ಆದಿತ್ಯವಾರದ ಕೋರಿಗಸಿಗೆ, ಅಂದರೆ ಕೋಳಿಸಾರಿಗೆ, ಶನಿವಾರವೇ ಅರೆದಿಡಿ. ದೋಸೆಹಿಟ್ಟು ಹುಳಿ ಬರಿಸಲು ಓವನ್ನಿನ ದೀಪ ಮಾತ್ರ ಹಾಕಿ ಒಳಗಿಟ್ಟರೆ ಹತ್ತು ಹನ್ನೆರಡು ಗಂಟೆಯಲ್ಲಿ ಉಬ್ಬುತ್ತದೆ. ಪಾತ್ರೆ ಅರ್ಧ ಮಾತ್ರ ತುಂಬಿಸಿ, ಓವನ್ನಿನ ಬಾಗಿಲಿಗೆ ಚೀಟಿ ಅಂಟಿಸಿ. ಚೀಟಿ ಇಲ್ಲದಿದ್ದರೆ ಮನೆಯಾಕೆ ಕೇಕಿಗೆಂದು 180 ಡಿಗ್ರಿ ಕೊಟ್ಟು ಹೋಗುತ್ತಾರೆ, ಹಿಟ್ಟು ಇಡ್ಲಿಯೂ ಅಲ್ಲದ ಬ್ರೆಡ್ಡೂ ಅಲ್ಲದ ಒಂದು ಅವತಾರ ಎತ್ತುತ್ತದೆ.

ಕಸ ಹಾಕಲು ಎರಡು ನಿಮಿಷ ಹೊರಗೆ ಹೋಗುವಾಗಲೂ ಕೀಲಿ ಜೇಬಿನಲ್ಲಿರಲಿ. ಬಾಗಿಲಿನ ಹೊರಗಿನ ಹಿಡಿ ತಿರುಗುವುದಿಲ್ಲ, ಗಾಳಿಗೆ ಮುಚ್ಚಿಕೊಂಡರೆ ನೀವು ಚಪ್ಪಲಿಯಲ್ಲಿ ಹಿಮದ ಮೇಲೆ. ರಜಾದಿನ ಬೀಗದವನನ್ನು ಕರೆಸಿದರೆ ಒಂದು ತಿಂಗಳ ಖರ್ಚಿಗೆ ಕತ್ತರಿ.

ಊಟದ ಮೇಜಿನಲ್ಲಿ ಕಷ್ಟ ಕೊಡುವುದು ಒಂದೇ ಒಂದು ಶಬ್ದ. ನಮ್ಮಲ್ಲಿ ‘ಬೇಡ’ ಎಂದರೆ ಒಂದು ಸೌಟು ಕಡಿಮೆ ಹಾಕಿ ಎಂದರ್ಥ. ಮೂರನೇ ಬೇಡಕ್ಕೂ ಬಡಿಸಿಯೇ ಬಡಿಸುತ್ತಾರೆ. ಅಲ್ಲಿ ಬೇಡ ಎಂದರೆ ಬೇಡ, ಪಾತ್ರೆ ಮುಂದೆ ಹೋಯಿತು. ಅದಕ್ಕಿಂತ ಮೋಸ ‘ಡಾಂಕೆ’. ಧನ್ಯವಾದ ಎಂದು ಕಲಿತು ಹೋಗಿರುತ್ತೇವೆ. ಆದರೆ ‘ಇನ್ನೊಂದು ಸ್ವಲ್ಪ?’ ಎಂದಾಗ ಬರೀ ಡಾಂಕೆ ಎಂದರೆ ‘ಸಾಕು’ ಎಂದೇ ಲೆಕ್ಕ. ಬೇಕಿದ್ದರೆ ‘ಯಾ, ಬಿಟ್ಟೆ’ (ಹೌದು, ದಯವಿಟ್ಟು) ಎನ್ನಬೇಕು. ಸಭ್ಯತೆ ಜಾಸ್ತಿಯಾದಷ್ಟೂ ಹೊಟ್ಟೆ ಖಾಲಿ. ಸಮಯವೂ ಹಾಗೇ. ‘ಹಾಲ್ಪ್ ಆಖ್ಟ್’ ಎಂದರೆ ಶಬ್ದಕ್ಕೆ ಅರ್ಧ ಎಂಟು. ನಮ್ಮ ಕಿವಿಗೆ ಎಂಟೂವರೆ, ಅವರಿಗೆ ಏಳೂವರೆ: ಎಂಟಕ್ಕೆ ಹೋಗುವ ದಾರಿಯಲ್ಲಿ ಅರ್ಧ. ಎಂಟೂವರೆಗೆ ಮೇಜಿಗೆ ಬಂದರೆ ಅಲ್ಲಿ ಬ್ರೆಡ್ಡಿನ ಪುಡಿಯೂ ಇರುವುದಿಲ್ಲ.

ಆಗ ಗತಿ ಕುಚ್ಚಲಕ್ಕಿ ಗಂಜಿ. ಎರಡು ಮುಷ್ಟಿ ಅಕ್ಕಿಯನ್ನು ಸಂಜೆಯೇ ನೆನೆಸಿಟ್ಟಿದ್ದರೆ ಒಳ್ಳೆಯದು. ಅಳತೆಗೆ ಏಳು ಪಟ್ಟು ನೀರು ಹಾಕಿ ಇಪ್ಪತ್ತು ನಿಮಿಷ ಕುದಿಸಿ, ಮುಚ್ಚಳ ಬಿಗಿದು, ಪಾತ್ರೆಯನ್ನು ಎರಡು ಕಂಬಳಿಯಲ್ಲಿ ಸುತ್ತಿಡಿ. ಒಂದೂವರೆ ಗಂಟೆ ಕಳೆದು ಐದು ನಿಮಿಷ ಮತ್ತೆ ಕುದಿಸಿ, ಇನ್ನೊಂದು ಗಂಟೆ ಸುತ್ತಿಟ್ಟರೆ ಅಗುಳು ಹಣ್ಣಾಗಿರುತ್ತದೆ. ಹೊಗೆ ಇಲ್ಲ, ಘಾಟಿಲ್ಲ, ಸದ್ದಿಲ್ಲ. ಆ ಮನೆಗೆಂದೇ ಹುಟ್ಟಿದ ಅಡುಗೆ. ಮಿಡಿ ಉಪ್ಪಿನಕಾಯಿಯ ಡಬ್ಬ ಮಾತ್ರ ಕಿಟಕಿಯ ಹತ್ತಿರ ಹೋಗಿ ತೆರೆಯಿರಿ.