ಜಿಮ್ ಮಾರ್ಟಿನ್ ಸತ್ತಿದ್ದು ಜ್ವರ ಬಂದು

ಏಪ್ರಿಲ್ 25, ಅಂದರೆ ಯುದ್ಧದಲ್ಲಿ ಮಡಿದ ಸೈನಿಕರನ್ನು ಆಸ್ಟ್ರೇಲಿಯಾದವರು ನೆನೆಯುವ ಆನ್‌ಜಾಕ್ ದಿನ, ಹತ್ತಿರ ಬಂತೆಂದರೆ ಮೆಲ್ಬರ್ನ್, ಸಿಡ್ನಿ ಕಡೆ ಇರುವ ನಮ್ಮ ಕನ್ನಡದ ಗೆಳೆಯರು ಒಂದು ಫೋಟೋ ಹಂಚಿಕೊಳ್ಳುತ್ತಾರೆ. ಸೈನಿಕರ ಸಮವಸ್ತ್ರ ಹಾಕಿಕೊಂಡ ಒಬ್ಬ ಹುಡುಗ. ಮೀಸೆ ಇನ್ನೂ ಮೂಡಿಲ್ಲ. ಜೊತೆಗೆ 'ಅತಿ ಕಿರಿಯ ವೀರ', 'ಹುತಾತ್ಮ ಬಾಲಕ' ಅಂತೆಲ್ಲ ಬರೆದಿರುತ್ತಾರೆ. ಅವರ ಭಾವನೆಯ ಬಗ್ಗೆ ನನಗೆ ಗೌರವವಿದೆ. ಆದರೆ ಆ ಹುಡುಗನ ಕಥೆಯನ್ನು ಹೀಗೆ ಹೇಳಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಓದಿ.

ಹುಡುಗನ ಹೆಸರು ಜೇಮ್ಸ್ ಚಾರ್ಲ್ಸ್ ಮಾರ್ಟಿನ್. ಮನೆಯವರಿಗೆ ಜಿಮ್. ಹುಟ್ಟಿದ್ದು 1901ರ ಜನವರಿ 3ರಂದು, ನ್ಯೂ ಸೌತ್ ವೇಲ್ಸ್‌ನ ಟೊಕಮ್‌ವಾಲ್ ಎಂಬ ಊರಿನಲ್ಲಿ. ತೀರಿಕೊಂಡಿದ್ದು 1915ರ ಅಕ್ಟೋಬರ್ 25ರಂದು, ಟರ್ಕಿಯ ಗಲಿಪೊಲಿ ತೀರದಾಚೆ ಇದ್ದ ಗ್ಲೆನಾರ್ಟ್ ಕ್ಯಾಸಲ್ ಎಂಬ ಆಸ್ಪತ್ರೆ ಹಡಗಿನಲ್ಲಿ. ಆಗ ಅವನಿಗೆ 14 ವರ್ಷ 9 ತಿಂಗಳು. ಮೊದಲ ಮಹಾಯುದ್ಧದಲ್ಲಿ ಸತ್ತ ಆಸ್ಟ್ರೇಲಿಯಾದ ಸೈನಿಕರಲ್ಲಿ, ಗೊತ್ತಿರುವ ಮಟ್ಟಿಗೆ, ಇವನೇ ಎಲ್ಲರಿಗಿಂತ ಚಿಕ್ಕವನು.

ಅವನಿಗೆ ಗುಂಡು ಬಿದ್ದಿರಲಿಲ್ಲ. ಟೈಫಾಯ್ಡ್ ಆಗಿತ್ತು. ಆ ಪೋಸ್ಟ್‌ಗಳಲ್ಲಿ ಈ ಮಾತೇ ಇರುವುದಿಲ್ಲ. ಇದ್ದರೂ ಎಲ್ಲೋ ಕೊನೆಯಲ್ಲಿ, ಹೇಳಲು ಮುಜುಗರ ಅನ್ನುವ ಹಾಗೆ ಇರುತ್ತದೆ.

ನಾನು ಹೈಸ್ಕೂಲು ಮೇಷ್ಟ್ರು. 14 ವರ್ಷ 9 ತಿಂಗಳು ಅಂದರೆ ನಾನು ದಿನಾ ನೋಡುವ ಒಂಬತ್ತನೇ ಕ್ಲಾಸಿನ ವಯಸ್ಸು. ಧ್ವನಿ ಆಗಷ್ಟೇ ಒಡೆದಿರುತ್ತದೆ. ಎತ್ತರ ಬೆಳೆದಿರುತ್ತಾರೆ, ಆದರೆ ಊಟದ ಡಬ್ಬಿಯನ್ನು ಇನ್ನೂ ಅಮ್ಮನೇ ಕಟ್ಟಿಕೊಡಬೇಕು. ಹಾಗಾಗಿ ಜಿಮ್ ಕಥೆಯನ್ನು ಓದುವಾಗ ನನಗೆ ಮೊದಲು ಕಾಣುವುದು ಸೈನಿಕನಲ್ಲ, ವಿದ್ಯಾರ್ಥಿ.

ಮಾರ್ಟಿನ್ ದಂಪತಿಗೆ ಆರು ಮಕ್ಕಳು. ಐದು ಹೆಣ್ಣು, ಒಂದು ಗಂಡು. ಆ ಒಂದು ಗಂಡು ಜಿಮ್. ಮೆಲ್ಬರ್ನ್‌ನ ಹಾಥಾರ್ನ್‌ನಲ್ಲಿ ಮನೆ. ಶಾಲೆಯಲ್ಲಿ ಜೂನಿಯರ್ ಕೆಡೆಟ್ ತರಬೇತಿ ಆಗಿತ್ತು, ಆಮೇಲೆ ಹೊಲದ ಕೆಲಸಕ್ಕೆ ಹೋಗಿದ್ದ. ಅಪ್ಪ ಸೇನೆಗೆ ಸೇರಲು ಹೋಗಿ, ಆಯ್ಕೆಯಾಗದೆ ವಾಪಸ್ ಬಂದರು. ಹಾಗಿದ್ದರೆ ನಾನು ಹೋಗುತ್ತೇನೆ ಅಂದ ಮಗ.

ಮನೆಯಲ್ಲಿ ಬೇಡ ಅಂದರು. ಆಗ ಅವನು ಹಾಕಿದ ಬೆದರಿಕೆ ನೋಡಿ: ಒಪ್ಪದಿದ್ದರೆ ಓಡಿಹೋಗಿ ಬೇರೆ ಹೆಸರಿನಲ್ಲಿ ಸೇರುತ್ತೇನೆ, ನಿಮಗೆ ಒಂದು ಕಾಗದವನ್ನೂ ಬರೆಯುವುದಿಲ್ಲ. ಅಮ್ಮ ಅಮೇಲಿಯಾ ಕೊನೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಈ ಅಮ್ಮನನ್ನು ದೂರುವ ಕಾಮೆಂಟ್‌ಗಳನ್ನು ಓದಿದ್ದೇನೆ. 'ಯಾವ ತಾಯಿ ಹೀಗೆ ಮಾಡುತ್ತಾಳೆ' ಅಂತ. ಹದಿನಾಲ್ಕರ ಹಟವನ್ನು ಕಂಡವರು ಹಾಗೆ ಬರೆಯಲಾರರು. ಸಹಿ ಹಾಕಿದರೆ ಮಗ ಎಲ್ಲಿದ್ದಾನೆ ಅಂತಾದರೂ ತಿಳಿಯುತ್ತದೆ. ಹಾಕದಿದ್ದರೆ ಅದೂ ಇಲ್ಲ. ಆಕೆಯ ಮುಂದೆ ಇದ್ದಿದ್ದು ಎರಡೇ ದಾರಿ, ಎರಡೂ ಕೆಟ್ಟವು.

ನನ್ನ ಸಿಟ್ಟು ಆ ಕಡೆಗಲ್ಲ. ಸೇನೆಗೆ ಸೇರಿಸಿಕೊಂಡವರ ಕಡೆಗೆ. 1915ರ ಏಪ್ರಿಲ್ 12ರಂದು ಜಿಮ್ ಮೆಲ್ಬರ್ನ್‌ನಲ್ಲಿ ಸೇನೆಗೆ ಸೇರುವಾಗ ತನಗೆ 18 ವರ್ಷ ಅಂದ. ಅವರು ಬರೆದುಕೊಂಡರು. ಜನನ ಪತ್ರ ತೋರಿಸು ಅನ್ನುವ ನಿಯಮ ಇರಲಿಲ್ಲ. 'ಆ ಕಾಲವೇ ಹಾಗಿತ್ತು, ಮಕ್ಕಳು ಬೇಗ ದುಡಿಯುತ್ತಿದ್ದರು, ಇವತ್ತಿನ ಅಳತೆಗೋಲು ಹಿಡಿಯಬೇಡಿ' ಅಂತ ಕೆಲವರು ವಾದಿಸುತ್ತಾರೆ. ಸರಿ, ಇವತ್ತಿನ ಅಳತೆಗೋಲು ಬೇಡ. ಅವರದ್ದನ್ನೇ ಹಿಡಿಯೋಣ. 18 ಆಗಿರಬೇಕು, 21ರ ಒಳಗಿನವರಿಗೆ ಹೆತ್ತವರ ಒಪ್ಪಿಗೆ ಬೇಕು ಅಂತ ನಿಯಮ ಮಾಡಿದ್ದು ಅದೇ ಕಾಲದ ಅದೇ ಸೇನೆ. ಹದಿನಾಲ್ಕರ ಹುಡುಗನನ್ನು ಯುದ್ಧಕ್ಕೆ ಕಳಿಸಬಾರದು ಅಂತ ಅವರಿಗೂ ಗೊತ್ತಿತ್ತು. ಗೆರೆ ಎಳೆದಿದ್ದರು, ಕಾಯಲಿಲ್ಲ ಅಷ್ಟೇ.

ಜೂನ್ 28ರಂದು ಬೆರಿಮಾ ಎಂಬ ಹಡಗಿನಲ್ಲಿ 21ನೇ ಬೆಟಾಲಿಯನ್ ಜೊತೆ ಹೊರಟ. ಬೀಳ್ಕೊಡುವಾಗ ದಡಕ್ಕೂ ಹಡಗಿಗೂ ನಡುವೆ ಬಣ್ಣದ ಕಾಗದದ ಪಟ್ಟಿ ಎಸೆಯುವುದು ಆಗಿನ ರೂಢಿ. ಕೆಂಪು ಬಿಳಿ ಪಟ್ಟಿಯ ಒಂದು ಚೂರನ್ನು ಜಿಮ್ ಎತ್ತಿಟ್ಟುಕೊಂಡಿದ್ದ. ಮಕ್ಕಳು ಇಂಥದ್ದನ್ನೇ ಅಲ್ವಾ ಎತ್ತಿಟ್ಟುಕೊಳ್ಳುವುದು?

ಈಜಿಪ್ಟ್‌ನಲ್ಲಿ ತರಬೇತಿ. ಅಲ್ಲಿಂದ ಸೌತ್‌ಲ್ಯಾಂಡ್ ಎಂಬ ಹಡಗಿನಲ್ಲಿ ಹೋಗುವಾಗ, ಸೆಪ್ಟೆಂಬರ್ 2ರಂದು, ಲೆಮ್ನೋಸ್ ದ್ವೀಪದ ಹತ್ತಿರ ಜರ್ಮನಿಯ ಸಬ್‌ಮರೀನ್ ಟಾರ್ಪೆಡೊ ಹೊಡೆಯಿತು. ಬ್ರಿಗೇಡಿನ ಮುಖ್ಯಸ್ಥ ಕರ್ನಲ್ ಲಿಂಟನ್ ಸೇರಿ ಹಲವರು ಸತ್ತರು. ಜಿಮ್ ನಾಲ್ಕು ಗಂಟೆ ಸಮುದ್ರದಲ್ಲಿ ತೇಲಿ ಬದುಕಿದ. ಅಷ್ಟಾದ ಮೇಲೂ ವಾರ ಕಳೆಯುವುದರೊಳಗೆ, ಟರ್ಕಿಯ ಸೈನ್ಯದ ಜೊತೆ ಯುದ್ಧ ನಡೆಯುತ್ತಿದ್ದ ಗಲಿಪೊಲಿಗೆ ಇಳಿಸಿದರು.

ಅಲ್ಲಿಂದ ಮನೆಗೆ ಕಾಗದ ಬರೆದ. ಚೆನ್ನಾಗಿದ್ದೇನೆ, ಚಿಂತೆ ಮಾಡಬೇಡಿ ಅಂತ. ಜೊತೆಗೆ, ಇಲ್ಲಿಗೆ ಬಂದ ಮೇಲೆ ನಿಮ್ಮಿಂದ ಒಂದೂ ಕಾಗದ ಬಂದಿಲ್ಲ, ಬರೆಯಿರಿ ಅಂತಲೂ.

ಇನ್ನು ಕಾಯಿಲೆಯ ವಿಷಯ. ಕೇಳಲು ಹೇಸಿಗೆ ಅನ್ನಿಸಬಹುದು. ಆದರೂ ಹೇಳಲೇಬೇಕು.

ಗಲಿಪೊಲಿಯಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರ ಕೈಯಲ್ಲಿ ಇದ್ದಿದ್ದು ಸಮುದ್ರದ ದಂಡೆ ಮತ್ತು ಅದರ ಹಿಂದಿನ ಕಡಿದಾದ ಗುಡ್ಡಗಳ ಒಂದು ಸಣ್ಣ ತುಂಡು ನೆಲ. ಅಷ್ಟರಲ್ಲೇ ಸಾವಿರಾರು ಜನ. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಕಕ್ಕಸು. ಕಕ್ಕಸು ಅಂದರೆ ತೆರೆದ ಗುಂಡಿಗಳು. ಎರಡು ಕಡೆಯ ಕಂದಕಗಳ ನಡುವೆ ಸತ್ತವರನ್ನು ಹೂಳಲು ಆಗುತ್ತಿರಲಿಲ್ಲ, ಹೆಣಗಳು ಬಿಸಿಲಿನಲ್ಲಿ ಹಾಗೇ ಬಿದ್ದಿರುತ್ತಿದ್ದವು. ನೀರನ್ನು ಹಡಗಿನಲ್ಲಿ ತಂದು, ಹೇಸರಗತ್ತೆಗಳ ಮೇಲೆ ಗುಡ್ಡಕ್ಕೆ ಹೊರಿಸಬೇಕಿತ್ತು. ಆ ಹೇಸರಗತ್ತೆಗಳನ್ನು ನಡೆಸುತ್ತಿದ್ದವರಲ್ಲಿ ಬಹಳ ಮಂದಿ ಭಾರತದಿಂದ ಹೋದವರು, ಇದು ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕುಡಿಯಲೇ ನೀರು ಸಾಲದು ಅಂದರೆ ಕೈ ತೊಳೆಯುವ ಮಾತೆಲ್ಲಿ?

ಮತ್ತೆ ನೊಣ. ಊಟಕ್ಕೆ ಸಿಗುತ್ತಿದ್ದುದು ಡಬ್ಬಿಯ ಮಾಂಸ, ಕಲ್ಲಿನಂಥ ಬಿಸ್ಕೆಟ್, ಜಾಮ್. ಜಾಮ್ ಡಬ್ಬಿ ತೆರೆದ ಕೂಡಲೇ ಅದರ ಮೇಲೆ ನೊಣಗಳು ಕಪ್ಪಗೆ ಮುತ್ತುತ್ತಿದ್ದವು. ಬಿಸ್ಕೆಟಿಗೆ ಜಾಮ್ ಸವರಿ ಬಾಯಿಗಿಡುವಷ್ಟರಲ್ಲಿ ನೊಣವೂ ಜೊತೆಗೆ ಬಾಯಿಗೆ. ಆ ನೊಣ ಈಗಷ್ಟೇ ಎಲ್ಲಿ ಕೂತು ಬಂದಿದೆ ಅಂತ ಯೋಚನೆ ಮಾಡಿ. ಟೈಫಾಯ್ಡ್ ರೋಗಾಣು ಮಲದಿಂದ ಬಾಯಿಗೆ ಬರುವುದು ಹೀಗೇ: ನೊಣದಿಂದ, ನೀರಿನಿಂದ, ತೊಳೆಯದ ಕೈಯಿಂದ. ಬೇಸಿಗೆ ಕಳೆಯುವ ಹೊತ್ತಿಗೆ ಗಲಿಪೊಲಿಯಿಂದ ಹೊರಗೆ ಸಾಗಿಸಿದವರಲ್ಲಿ ಗಾಯಾಳುಗಳಿಗಿಂತ ಭೇದಿ, ಜ್ವರ ಹಿಡಿದವರೇ ಹೆಚ್ಚಾಗಿದ್ದರು.

ಸೈನಿಕರಿಗೆ ಟೈಫಾಯ್ಡ್ ಚುಚ್ಚುಮದ್ದು ಕೊಡುತ್ತಿದ್ದರು. ಆದರೆ ಅದು ಪೂರ್ತಿ ಕಾಪಾಡುವಂಥದ್ದಲ್ಲ. ಬಂದ ಮೇಲೆ ವಾಸಿ ಮಾಡುವ ಔಷಧಿ ಇರಲಿಲ್ಲ, ಅದು ಸಿಕ್ಕಿದ್ದು 1940ರ ದಶಕದ ಕೊನೆಗೆ. ಆದರೆ ಕಾಯಿಲೆ ಹೇಗೆ ಹರಡುತ್ತದೆ ಅಂತ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಗುಂಡಿಗಿಂತ ಹೆಚ್ಚಾಗಿ ಸತ್ತಿದ್ದು ಕಾಯಿಲೆಗೆ, ಅದರಲ್ಲೂ ಟೈಫಾಯ್ಡಿಗೆ. ಇಷ್ಟು ಗೊತ್ತಿದ್ದೂ ಅಷ್ಟು ಜನರನ್ನು ಅಂಥ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟರು.

ಜಿಮ್‌ಗೆ ಜ್ವರ ಶುರುವಾದ ಮೇಲೂ ಸುಮಾರು ಎರಡು ವಾರ ಕಂದಕದಲ್ಲೇ ಇದ್ದ. ಕೆಲವರು ಇದನ್ನು ಕೆಚ್ಚು ಅನ್ನುತ್ತಾರೆ. ನನಗೆ ನನ್ನ ಕ್ಲಾಸಿನ ಒಬ್ಬ ಹುಡುಗ ನೆನಪಾಗುತ್ತಾನೆ. ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯದ ಹಿಂದಿನ ದಿನ ನೋಟ್‌ಬುಕ್ ಕೊಡಲು ಬಂದ. ಬೆರಳು ತಾಗಿತು, ಕಾದ ಹೆಂಚು. ಜ್ವರ ಬಂದಿದೆಯೇನೋ ಅಂದರೆ 'ಏನಿಲ್ಲ ಸಾರ್, ಬಿಸಿಲಲ್ಲಿ ಓಡಿ ಬಂದೆ' ಅಂದ. ತಂಡದಿಂದ ಕೈಬಿಡುತ್ತಾರೆ ಅನ್ನುವ ಭಯ. ನೇರ ಮನೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದೆ, ವಾರವಿಡೀ ನನ್ನ ಜೊತೆ ಮಾತು ಬಿಟ್ಟಿದ್ದ. ಈ ವಯಸ್ಸಿನವರು ಜ್ವರ ಮುಚ್ಚಿಡುತ್ತಾರೆ. ಅವರ ಹಣೆ ಮುಟ್ಟಿ ನೋಡುವ ದೊಡ್ಡವರು ಹತ್ತಿರ ಇರಬೇಕು. ಮುಟ್ಟಿ ನೋಡದಿದ್ದ ಮೇಲೆ ಅದಕ್ಕೆ ಕೆಚ್ಚು ಅಂತ ಹೆಸರಿಡುವುದು ದೊಡ್ಡವರಿಗೆ ಅನುಕೂಲ.

ಅಕ್ಟೋಬರ್ 25ರ ಸಂಜೆ ಐದಕ್ಕೆ, ಪೂರ್ತಿ ಕುಸಿದ ಸ್ಥಿತಿಯಲ್ಲಿ ಅವನನ್ನು ಹಡಗಿಗೆ ತಂದರು. ನರ್ಸ್‌ಗಳು ಮಲಗಿಸಿ, ಬಿಸಿ ನೀರಿನ ಬಾಟಲಿ ಇಟ್ಟು ಬೆಚ್ಚಗೆ ಮಾಡಿದರು. ಈಗ ಹಾಯೆನಿಸುತ್ತಿದೆ ಅಂದನಂತೆ. ಥ್ಯಾಂಕ್ಸ್ ಹೇಳಿದನಂತೆ. ನಿದ್ದೆ ಮಾಡಲು ಮಗ್ಗುಲಾದ. 6 ಗಂಟೆ 40 ನಿಮಿಷಕ್ಕೆ ಹೃದಯ ನಿಂತಿತು. ಇದೆಲ್ಲ ನಮಗೆ ಗೊತ್ತಿರುವುದು ಹಡಗಿನ ಮೇಟ್ರನ್, ಅಂದರೆ ಮುಖ್ಯ ನರ್ಸ್, ಅವನ ಅಮ್ಮನಿಗೆ ಬರೆದ ಕಾಗದದಿಂದ. ಸಮುದ್ರದಲ್ಲೇ ಸಂಸ್ಕಾರ ಆಯಿತು. ಸಮಾಧಿ ಇಲ್ಲ. ಗಲಿಪೊಲಿಯ ಲೋನ್ ಪೈನ್ ಸ್ಮಾರಕದ ಗೋಡೆಯ ಮೇಲೆ ಹೆಸರಿದೆ.

ಇದಾಗಿ ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 20ರ ಹೊತ್ತಿಗೆ, ಆಸ್ಟ್ರೇಲಿಯಾದ ಸೈನಿಕರೆಲ್ಲ ಆ ಜಾಗ ಬಿಟ್ಟು ಹೊರಟುಬಂದರು. ಯಾವ ಗುಡ್ಡಕ್ಕಾಗಿ 8,000ಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಸತ್ತರೋ ಆ ಗುಡ್ಡವನ್ನು ಸದ್ದಿಲ್ಲದೆ ಬಿಟ್ಟುಕೊಟ್ಟರು.

ಅಲೆಕ್ ಕ್ಯಾಂಪ್‌ಬೆಲ್ ಅಂತ ಇನ್ನೊಬ್ಬ ಹುಡುಗನಿದ್ದ, ಟಾಸ್ಮೇನಿಯಾದವನು. 16ಕ್ಕೇ ಸುಳ್ಳು ವಯಸ್ಸು ಹೇಳಿ ಸೇರಿದ. ಅದೇ ಗಲಿಪೊಲಿಯಲ್ಲಿ ನೀರು, ಸಾಮಾನು ಹೊರುವ ಕೆಲಸ. ಅವನಿಗೂ ಜ್ವರ ಹಿಡಿಯಿತು, ಮುಖದ ಒಂದು ಪಕ್ಕ ಸ್ವಾಧೀನ ತಪ್ಪಿತು. ಆದರೆ ಬದುಕಿ ಮನೆಗೆ ಬಂದ. ಮದುವೆ, ಮಕ್ಕಳು, ದುಡಿಮೆ, ಕಾರ್ಮಿಕ ಸಂಘ ಎಲ್ಲ ಆಗಿ 2002ರ ಮೇ ತಿಂಗಳಲ್ಲಿ, 103ನೇ ವಯಸ್ಸಿನಲ್ಲಿ ತೀರಿಕೊಂಡ. ಗಲಿಪೊಲಿಯಲ್ಲಿದ್ದ ಆಸ್ಟ್ರೇಲಿಯನ್ನರಲ್ಲಿ ಕೊನೆಯವರೆಗೆ ಉಳಿದವನು ಅವನೇ. ಜಿಮ್‌ನಿಂದ ಹೋದದ್ದು ಏನು ಅನ್ನುವುದನ್ನು ಅಲೆಕ್‌ನ ಬದುಕಿನಿಂದ ಅಳೆಯಬಹುದು.

ಇದೆಲ್ಲ ದೂರದ ದೇಶದ ಮಾತು, ನಮಗೇನು ಅನ್ನುವವರಿಗೆ ಒಂದು ವಿಷಯ. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾದಲ್ಲಿ, ಜೋಧಪುರದವರ ಜೊತೆ ಕುದುರೆ ಏರಿ ನುಗ್ಗಿದ ನಮ್ಮ ಮೈಸೂರು ಲ್ಯಾನ್ಸರ್ಸ್, ಆಗ ಇದ್ದಿದ್ದು ಹ್ಯಾರಿ ಶೋವೆಲ್ ಎಂಬ ಆಸ್ಟ್ರೇಲಿಯನ್ ಜನರಲ್‌ನ ಕೈಕೆಳಗಿನ ಅಶ್ವಪಡೆಯಲ್ಲಿ. ಹೈಫಾ ದಿನದಂದು ಈಟಿ, ಕುದುರೆ, ಮಷಿನ್ ಗನ್ ಬಗ್ಗೆ ಎಲ್ಲರೂ ಬರೆಯುತ್ತೇವೆ. ಹೆಮ್ಮೆಯ ವಿಷಯವೇ ಸರಿ. ಆದರೆ ಒಂದೆರಡು ವಾರದಲ್ಲೇ ಅದೇ ಅಶ್ವಪಡೆಯಲ್ಲಿ ಮಲೇರಿಯಾ, ಫ್ಲೂ ಹಬ್ಬಿ, ದಮಾಸ್ಕಸ್‌ನ ಆಸ್ಪತ್ರೆಗಳಲ್ಲಿ ಮಲಗಿಸಲು ಜಾಗ ಸಾಲದಷ್ಟು ಜನ ಬಿದ್ದರು. ಒಂದು ಡಿವಿಜನ್‌ಗಂತೂ ಮುಂದೆ ಹೋಗಲೇ ಆಗಲಿಲ್ಲ. ಈ ಭಾಗವನ್ನು ನಮ್ಮಲ್ಲಿ ಎಷ್ಟು ಜನ ಬರೆದಿದ್ದಾರೆ? ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಲ್ಯಾನ್ಸರ್ಸ್ ಸ್ಮಾರಕದ ಮುಂದೆ ನಿಂತಾಗಲೂ ನಮ್ಮ ತಲೆಗೆ ಬರುವುದು ಕುದುರೆಯೇ ಹೊರತು ಜ್ವರದಲ್ಲಿ ಬಿದ್ದವರಲ್ಲ.

ಕಾಯಿಲೆಯಿಂದ ಸತ್ತ ಅಂದರೆ ಸಾವು ಸಣ್ಣದಾಯಿತು ಅಂತ ಯಾಕೆ ಅಂದುಕೊಳ್ಳುತ್ತೇವೋ ನನಗೆ ಅರ್ಥವಾಗುವುದಿಲ್ಲ. ಗುಂಡಿಗೆ ಸತ್ತರೆ ಹೊಡೆದವನು ಆಚೆ ಕಡೆಯವನು, ಲೆಕ್ಕ ಸುಲಭ. ಟೈಫಾಯ್ಡಿಗೆ ಸತ್ತರೆ ಪ್ರಶ್ನೆಗಳು ಈಚೆ ಕಡೆಗೆ ತಿರುಗುತ್ತವೆ. ಯಾರು ಸೇರಿಸಿಕೊಂಡರು, ಎಂಥ ನೀರು ಕೊಟ್ಟರು, ಗುಂಡಿಗಳನ್ನು ಯಾಕೆ ಮುಚ್ಚಲಿಲ್ಲ, ಎರಡು ವಾರ ಯಾರೂ ಯಾಕೆ ನೋಡಲಿಲ್ಲ. 'ವೀರ' ಅಂದುಬಿಟ್ಟರೆ ಇದ್ಯಾವುದನ್ನೂ ಕೇಳಬೇಕಾಗಿಲ್ಲ.

ಹೀಗೆ ಬರೆದರೆ ಅವನಿಗೆ ಅವಮಾನ ಅಂತ ಹೋದ ವರ್ಷ ಒಬ್ಬ ಗೆಳೆಯರು ನನಗೆ ಹೇಳಿದರು. ನಾಲ್ಕು ಗಂಟೆ ಸಮುದ್ರದಲ್ಲಿ ತೇಲಿದ ಹುಡುಗನ ಧೈರ್ಯಕ್ಕೆ ನನ್ನ ಮಾತಿನಿಂದ ಏನೂ ಕಡಿಮೆಯಾಗುವುದಿಲ್ಲ. ಸುಳ್ಳು ಬೇಡ ಅಷ್ಟೇ. ಮುಂದಿನ ಏಪ್ರಿಲ್‌ನಲ್ಲಿ ಆ ಫೋಟೋ ಹಾಕುವವರು ದಯವಿಟ್ಟು ಹಾಕಿ. ಅದರ ಕೆಳಗೆ ಅವನ ವಯಸ್ಸು ಬರೆಯಿರಿ, ಸೇನೆಯ ಕನಿಷ್ಠ ವಯಸ್ಸು 18 ಇತ್ತು ಅಂತ ಬರೆಯಿರಿ, ಸತ್ತಿದ್ದು ಟೈಫಾಯ್ಡಿನಿಂದ ಅಂತಲೂ ಬರೆಯಿರಿ.