ಎಲ್ಲ ರಕ್ತವೂ ಮೂಲವ್ಯಾಧಿಯದಲ್ಲ

ದೊಡ್ಡಪ್ಪನಿಗೆ ಮಲದಲ್ಲಿ ರಕ್ತ ಬೀಳುತ್ತಾ ಹನ್ನೊಂದು ತಿಂಗಳಾಗಿತ್ತು ಎಂಬುದು ನಮಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ, ವೈದ್ಯರು ನೇರವಾಗಿ ಕೇಳಿದಾಗ. ದೊಡ್ಡಮ್ಮನಿಗೂ ಹೇಳಿರಲಿಲ್ಲ. "ಉಷ್ಣ ಎಂದುಕೊಂಡೆ ಕಣಮ್ಮ" ಎಂದರು. ನೆನೆಸಿದ ಮೆಂತ್ಯ, ಮಜ್ಜಿಗೆ, ಎಳನೀರು ಎಲ್ಲ ಆಗಿತ್ತು. ಬಸ್ ನಿಲ್ದಾಣದ ಗೋಡೆಯಲ್ಲಿ 'ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ' ಎಂಬ ಬರಹ ನೋಡಿ ಪುಡಿಯನ್ನೂ ತಂದು ತಿಂದಿದ್ದರು. ಅಷ್ಟರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹರಡಿತ್ತು.

ಮಲದಲ್ಲಿ ರಕ್ತ ಕಂಡವರಲ್ಲಿ ಅನೇಕರಿಗೆ ಇರುವುದು ಮೂಲವ್ಯಾಧಿಯೇ, ನಿಜ. ಆದರೆ ಅದನ್ನು ಹೇಳಬೇಕಾದವರು ಪರೀಕ್ಷೆ ಮಾಡಿದ ವೈದ್ಯರು. ಗೋಡೆಯಲ್ಲ, ನೆರೆಮನೆಯವರಲ್ಲ, ನಮ್ಮ ನಾಚಿಕೆಯಂತೂ ಅಲ್ಲವೇ ಅಲ್ಲ. ಬಿಪಿ, ಸಕ್ಕರೆ ಎಷ್ಟಿದೆ ಎಂದು ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಹೇಳಿಕೊಳ್ಳುವ ನಾವು ಮಲವಿಸರ್ಜನೆಯ ಮಾತು ಬಂದರೆ ಹೆಂಡತಿಯ ಮುಂದೆಯೂ ಬಾಯಿ ಬಿಡುವುದಿಲ್ಲ.

ನನಗೆ ಇಂದಿಗೂ ಸಂಕಟವಾಗುವ ಇನ್ನೊಂದು ಸಂಗತಿಯಿದೆ. ಆ ವರ್ಷ ಅವರಿಗೆ ವಿಪರೀತ ಸುಸ್ತು. ರಕ್ತ ಕಡಿಮೆಯಿದೆ ಎಂದು ಒಂದು ಕಡೆ ಕಬ್ಬಿಣದ ಮಾತ್ರೆ ಬರೆದುಕೊಟ್ಟು ಕಳುಹಿಸಿದರು. ಅರವತ್ತು ದಾಟಿದ ಗಂಡಸಿನ ಮೈಯಿಂದ ರಕ್ತ ಎಲ್ಲಿ ಹೋಗುತ್ತಿದೆ ಎಂದು ಯಾರೂ ಕೇಳಲಿಲ್ಲ. ಕರುಳಿನ ಗಡ್ಡೆ ಕಣ್ಣಿಗೆ ಕಾಣದಂತೆಯೂ ರಕ್ತ ಸೋರಿಸುತ್ತದೆ. ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಅದನ್ನೂ ವೈದ್ಯರಿಗೆ ಹೇಳಲೇಬೇಕು.

ಈ ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ಕರುಳಿನ ಒಳಗೋಡೆಯ ಪಾಲಿಪ್ ಎಂಬ ಸಣ್ಣ ಗಂಟಿನಿಂದ. ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಗುದದ್ವಾರದಿಂದ ಕ್ಯಾಮೆರಾ ಇರುವ ತೆಳು ನಳಿಕೆ ತೂರಿಸಿ ದೊಡ್ಡ ಕರುಳಿನ ಒಳಗನ್ನು ನೋಡುವ ಕೊಲೊನೊಸ್ಕೋಪಿ ಪರೀಕ್ಷೆಯಲ್ಲಿ ಅದು ಕಂಡರೆ ಬಹುಪಾಲು ಅಲ್ಲಿಯೇ ಕತ್ತರಿಸಿ ತೆಗೆಯುತ್ತಾರೆ. ಅಮೆರಿಕದಲ್ಲಿ 2021ರಿಂದ, ಯಾವ ಲಕ್ಷಣವಿಲ್ಲದವರಿಗೂ 45ನೇ ವಯಸ್ಸಿಗೆ ತಪಾಸಣೆ ಶುರು ಮಾಡಿ ಎನ್ನುತ್ತಾರೆ. ನಮ್ಮ ಸರ್ಕಾರಿ ತಪಾಸಣೆಯಲ್ಲಿ 30 ದಾಟಿದವರಿಗೆ ನೋಡುವುದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳನ್ನು. ಕರುಳನ್ನು ನಾವೇ ನೆನಪಿಟ್ಟುಕೊಳ್ಳಬೇಕು.

ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಪರೀಕ್ಷೆ ಮಾಡಿಸಬೇಕು. ದೊಡ್ಡಪ್ಪನ ಮಗನಿಗೆ ಈಗ 41. "ನನಗೇನೂ ತೊಂದರೆಯಿಲ್ಲವಲ್ಲ" ಎನ್ನುತ್ತಿದ್ದ ಅಣ್ಣನನ್ನು ಜಗಳವಾಡಿಯೇ ಕರೆದೊಯ್ದೆ. ಹಿಂದಿನ ದಿನ ಕರುಳು ತೊಳೆಯುವ ಔಷಧಿ ಕುಡಿಯುವುದೇ ಕಷ್ಟ. ಪರೀಕ್ಷೆ ಮಂಪರಿನಲ್ಲಿ ಮುಗಿದುಹೋಗುತ್ತದೆ. ಎರಡು ಪಾಲಿಪ್ ಸಿಕ್ಕವು, ತೆಗೆದರು. ಕ್ಯಾನ್ಸರ್ ಇರಲಿಲ್ಲ.

ಮನೆಗೆ ಬಂದು ಹೇಳಿದಾಗ ದೊಡ್ಡಮ್ಮ ಬಹಳ ಹೊತ್ತು ಸುಮ್ಮನಿದ್ದು, "ಅವರಿಗೂ ಮೊದಲು ಇಷ್ಟೇ ಇತ್ತೇನಮ್ಮ?" ಎಂದು ಕೇಳಿದರು. ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ.