ಫ್ರೆಡರಿಕನ ಜಂಬದ ನಾಣ್ಯ

ಜಂಬ ಪಟ್ಟರೆ ಪವಿತ್ರ ರೋಮನ್ ಚಕ್ರವರ್ತಿ, ಸಿಸಿಲಿಯ ರಾಜ ಎರಡನೇ ಫ್ರೆಡರಿಕನ ಹಾಗೆ ಪಡಬೇಕು. ಐದು ಗ್ರಾಂ ಚಿಲ್ಲರೆ ಚಿನ್ನದಲ್ಲಿ ಇಡೀ ರೋಮನ್ನೇ ತುಂಬಿಸಿಬಿಟ್ಟ. ನಾಣ್ಯದ ಹೆಸರು ಅಗಸ್ಟಾಲಿಸ್. 1231ರಲ್ಲಿ ಅದನ್ನು ಹೊರಡಿಸಿದ. ಟಂಕಸಾಲೆಗಳು ದಕ್ಷಿಣ ಇಟಲಿಯ ಬ್ರಿಂಡಿಸಿಯಲ್ಲಿ, ಸಿಸಿಲಿಯ ಮೆಸ್ಸಿನಾದಲ್ಲಿ.

ಒಂದು ಕಡೆ ಅವನ ಮುಖ. ತಲೆಗೆ ಲಾರೆಲ್ ಎಲೆಯ ದಂಡೆ, ಹೆಗಲಿಗೆ ರೋಮನ್ ಹೊದಿಕೆ, ನುಣ್ಣನೆಯ ಗಲ್ಲ. ಸುತ್ತ ‘ಸೀಸರ್, ಅಗಸ್ಟಸ್, ರೋಮನ್ನರ ಚಕ್ರವರ್ತಿ’ ಅನ್ನುವ ಲ್ಯಾಟಿನ್ ಬಿರುದು. ತಿರುಗಿಸಿದರೆ ರೆಕ್ಕೆ ಬಿಚ್ಚಿ ನಿಂತ ಹದ್ದು, ಜೊತೆಗೆ ಅವನ ಹೆಸರು. ಆ ಕಾಲದ ಇಂಗ್ಲೆಂಡಿನ ಬೆಳ್ಳಿ ಪೆನ್ನಿಯಲ್ಲಿ ರಾಜ ಅಂದರೆ ಎರಡು ಚುಕ್ಕೆ ಕಣ್ಣು, ನಾಲ್ಕು ಸುರುಳಿ ಕೂದಲು, ಅಷ್ಟೇ. ಇಲ್ಲಿ ಉಬ್ಬಿ ಬಂದ ಮೂಗೇ ಇದೆ! ಅದು ಫ್ರೆಡರಿಕನದೇ ಮೂಗು ಅಂತ ಮಾತ್ರ ನಾನು ನಂಬುವುದಿಲ್ಲ. ಹಳೇ ರೋಮನ್ ನಾಣ್ಯವನ್ನು ಎದುರಿಗಿಟ್ಟುಕೊಂಡು ಅಚ್ಚು ಕೊರೆದಂತೆ ಕಾಣುತ್ತದೆ. 1227ರಲ್ಲಿ ಪೋಪ್ ಅವನನ್ನು ಚರ್ಚಿನಿಂದ ಹೊರಹಾಕಿದ್ದ. 1230ರಲ್ಲಿ ರಾಜಿಯಾಯಿತು. ಮರುವರ್ಷವೇ ‘ರೋಮನ್ನರ ಚಕ್ರವರ್ತಿ ನಾನೇ’ ಅನ್ನುವ ಈ ನಾಣ್ಯ. ಸುಮ್ನೆ ಆದದ್ದಲ್ಲ, ಅಲ್ವಾ?

ಚಿನ್ನದ ಗುಣ ಕೇಳಿದರೆ ಸ್ವಲ್ಪ ನಗು ಬರುತ್ತದೆ. ಇಪ್ಪತ್ತೂವರೆ ಕ್ಯಾರೆಟ್. ನಮ್ಮ ಆಭರಣದಂಗಡಿಯ 916ಕ್ಕಿಂತ ಕಡಿಮೆ! ಆದರೂ ಸಿಸಿಲಿಯ ಜನಕ್ಕೆ ಇದು ಸುಖವೇ ಇರಬೇಕು. ಅರಬರ ಕಾಲದಿಂದ ಅಲ್ಲಿ ಓಡುತ್ತಿದ್ದ ತರಿ ಎಂಬ ಪುಟ್ಟ ನಾಣ್ಯ ಒಂದೊಂದೂ ಒಂದೊಂದು ತೂಕ. ಎಣಿಸಿದರೆ ಸಾಲದು, ತಕ್ಕಡಿಗೂ ಹಾಕಬೇಕು.

ನನಗೆ ಜಾಸ್ತಿ ಇಷ್ಟವಾದದ್ದು ಇಟಲಿಯ ಫಾಯೆನ್ಜಾ ಊರಿನ ಕಥೆ. 1240ರ ಚಳಿಗಾಲದಲ್ಲಿ ಫ್ರೆಡರಿಕ್ ಅದಕ್ಕೆ ಮುತ್ತಿಗೆ ಹಾಕಿ ಕೂತಿದ್ದ. ದುಡ್ಡು ಮುಗಿಯಿತು. ಆಗ ತೊಗಲಿನ ಚೂರುಗಳ ಮೇಲೆ ಅಚ್ಚೊತ್ತಿ ಸಂಬಳ ಕೊಟ್ಟನಂತೆ. ಆಮೇಲೆ ತಂದುಕೊಟ್ಟವರಿಗೆಲ್ಲ ಅಗಸ್ಟಾಲಿಸ್ ಎಣಿಸಿಕೊಟ್ಟ ಅಂತ ಫ್ಲಾರೆನ್ಸಿನ ಚರಿತ್ರೆಕಾರ ವಿಲ್ಲಾನಿ ಬರೆದಿದ್ದಾನೆ. ಸೈನಿಕರು ತೊಗಲನ್ನು ನಂಬಿದ್ದು ದೊಡ್ಡದೋ, ಇವನು ಮಾತು ಉಳಿಸಿಕೊಂಡದ್ದು ದೊಡ್ಡದೋ!

1250ರಲ್ಲಿ ಅವನು ತೀರಿಕೊಂಡ. ಎರಡೇ ವರ್ಷಕ್ಕೆ ಫ್ಲಾರೆನ್ಸ್ ತನ್ನ ಫ್ಲಾರಿನ್ ತಂದಿತು. ಮೂರೂವರೆ ಗ್ರಾಂ ಅಪ್ಪಟ ಚಿನ್ನ. ಒಂದು ಕಡೆ ಲಿಲಿ ಹೂವು, ಇನ್ನೊಂದು ಕಡೆ ಸಂತ ಯೋಹಾನ. ರಾಜನ ಸುಳಿವೇ ಇಲ್ಲ. ವ್ಯಾಪಾರಿಗಳಿಗೆ ಅದೇ ಹಿಡಿಸಿತು, ಯುರೋಪ್ ತುಂಬ ಓಡಿತು.

1266ರಲ್ಲಿ ಫ್ರಾನ್ಸಿನ ರಾಜನ ತಮ್ಮ ಆಂಜೂವಿನ ಚಾರ್ಲ್ಸ್, ಫ್ರೆಡರಿಕನ ಮಗ ಮ್ಯಾನ್‌ಫ್ರೆಡನನ್ನು ಯುದ್ಧದಲ್ಲಿ ಮುಗಿಸಿ ಸಿಸಿಲಿ ರಾಜ್ಯ ಹಿಡಿದ. ಪೋಪ್ ಕಡೆಯ ಮನುಷ್ಯ. ಅವನ ಚಿನ್ನದ ನಾಣ್ಯ ನೋಡಿ: ಅದೇ ಅಳತೆ, ಅದೇ ಬಗೆಯ ಪಕ್ಕನೋಟದ ಮುಖ. ಹದ್ದಿನ ಜಾಗಕ್ಕೆ ತನ್ನ ಮನೆತನದ ಗುರಾಣಿ ಕೂರಿಸಿದ, ಅಷ್ಟೇ. ವೈರಿಯ ವಂಶ ಬೇಡವಾಗಿತ್ತು, ಶೋಕಿ ಬೇಕಾಗಿತ್ತು.